ಇಬ್ಬರು ದೊಡ್ಡವರ ನಡುವೆ ವಿಯೆಟ್ನಾಂ

ಕೊಡಗು, ಚಿಕ್ಕಮಗಳೂರು ಕಡೆಯ ಬೆಳೆಗಾರರಿಗೆ ವಿಯೆಟ್ನಾಂ ಹೆಸರು ಹೊಸದಲ್ಲ. ರೋಬಸ್ಟಾ ಕಾಫಿ, ಕಾಳುಮೆಣಸು ಎರಡರಲ್ಲೂ ಜಗತ್ತಿನಲ್ಲಿ ಅದೇ ಮುಂದು. ಅಲ್ಲಿ ಫಸಲು ಹೆಚ್ಚಾದರೆ ಇಲ್ಲಿ ರೇಟಿನ ಚಿಂತೆ ಶುರು. ಆದರೆ ಆ ದೇಶದಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಚೀನಾ ಮತ್ತು ಅಮೆರಿಕದ ಪೈಪೋಟಿಯ ನಡುವೆ ಅದು ಬಾಳುತ್ತಿರುವ ರೀತಿ.

ಇಬ್ಬರ ಜೊತೆಗೂ ಅದು ಯುದ್ಧ ಮಾಡಿದೆ. ಅಮೆರಿಕ ಕಾಲಿಟ್ಟಿದ್ದ ದೀರ್ಘ ಯುದ್ಧ 1975ರಲ್ಲಿ ಮುಗಿಯಿತು. ನಾಲ್ಕೇ ವರ್ಷಕ್ಕೆ, 1979ರ ಫೆಬ್ರವರಿಯಲ್ಲಿ, ಚೀನಾ ಸೇನೆ ಗಡಿ ದಾಟಿ ಬಂತು. ದಕ್ಷಿಣ ಚೀನಾ ಸಮುದ್ರದ ದ್ವೀಪಗಳ ತಕರಾರು ಇವತ್ತಿಗೂ ಬಗೆಹರಿದಿಲ್ಲ. ಆದರೂ ಚೀನಾ ಜೊತೆ 1991ರಲ್ಲಿ, ಅಮೆರಿಕದ ಜೊತೆ 1995ರಲ್ಲಿ ಸಂಬಂಧ ಸರಿಪಡಿಸಿಕೊಂಡಿತು. 2023ರ ಸೆಪ್ಟೆಂಬರ್‌ನಲ್ಲಿ ಬೈಡನ್ ಹನೋಯ್‌ಗೆ ಬಂದರು. ಡಿಸೆಂಬರ್‌ನಲ್ಲಿ ಷಿ ಜಿನ್‌ಪಿಂಗ್ ಬಂದರು. ಇಬ್ಬರಿಗೂ ಕೆಂಪು ಹಾಸಿನ ಸ್ವಾಗತ.

ಇದಕ್ಕೆ ಅವರು ಇಟ್ಟುಕೊಂಡ ಹೆಸರು ಬಿದಿರಿನ ರಾಜತಾಂತ್ರಿಕತೆ. ಬೇರು ಗಟ್ಟಿ, ಕೊಂಬೆ ಬಾಗುತ್ತದೆ. ನಿಯಮಗಳು ನಾಲ್ಕು: ಸೇನಾ ಕೂಟ ಸೇರುವುದಿಲ್ಲ, ಒಬ್ಬರ ಜೊತೆ ಸೇರಿ ಇನ್ನೊಬ್ಬರ ಮೇಲೆ ಬೀಳುವುದಿಲ್ಲ, ವಿದೇಶಿ ಸೇನೆಗೆ ನೆಲೆ ಕೊಡುವುದಿಲ್ಲ, ಬಲ ಪ್ರಯೋಗದ ಬೆದರಿಕೆ ಹಾಕುವುದಿಲ್ಲ.

ಇದನ್ನು ಎರಡು ದೋಣಿಯಲ್ಲಿ ಕಾಲಿಡುವುದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚೀನಾ ಜೊತೆ ಸುಮಾರು 1,300 ಕಿ.ಮೀ. ಗಡಿ ಇರುವ ದೇಶಕ್ಕೆ ನೆರೆಯವನನ್ನು ಬದಲಿಸುವ ಅವಕಾಶವಿಲ್ಲ. ಅಮೆರಿಕವನ್ನೇ ನಂಬಿ ಚೀನಾವನ್ನು ಎದುರು ಹಾಕಿಕೊಂಡರೆ, ನಾಳೆ ಅಮೆರಿಕದ ಮನಸ್ಸು ಬದಲಾದಾಗ ಪೆಟ್ಟು ತಿನ್ನುವವರು ಗಡಿಯ ಹಳ್ಳಿಯವರು. ಯಾರ ಪಕ್ಷಕ್ಕೂ ಸೇರದಿರುವುದು ಅವರಿಗೆ ಪ್ರಾಣದ ಪ್ರಶ್ನೆ.

ಆದರೆ ಈ ಸಮತೋಲನದಲ್ಲೂ ಒಂದು ಬಿರುಕಿದೆ. ವಿಯೆಟ್ನಾಂ ಕಾರ್ಖಾನೆಗಳಿಗೆ ಬಿಡಿಭಾಗ, ಕಚ್ಚಾಮಾಲು ಹೆಚ್ಚಾಗಿ ಬರುವುದು ಚೀನಾದಿಂದ. ತಯಾರಾದ ಮಾಲಿಗೆ ಅತಿ ದೊಡ್ಡ ಗಿರಾಕಿ ಅಮೆರಿಕ. 2025ರ ಏಪ್ರಿಲ್‌ನಲ್ಲಿ ಟ್ರಂಪ್ 46% ಸುಂಕ ಘೋಷಿಸಿದಾಗ ಹನೋಯ್ ಬೆಚ್ಚಿತು. ಅದೇ ತಿಂಗಳು ಷಿ ಮತ್ತೆ ಬಂದರು. ರೈಲು ಮಾರ್ಗ ಸೇರಿ ಹತ್ತಾರು ಒಪ್ಪಂದಗಳಾದವು. ಜುಲೈನಲ್ಲಿ ಅಮೆರಿಕ ಸುಂಕವನ್ನು 20%ಕ್ಕೆ ಇಳಿಸುವುದಾಗಿ ಹೇಳಿತು. ಆದರೆ ಬೇರೆ ದೇಶದ ಮಾಲನ್ನು ವಿಯೆಟ್ನಾಂ ಮೂಲಕ ಸಾಗಿಸಿದರೆ 40% ಎಂದಿತು. ಆ ಮಾತಿನ ಗುರಿ ಚೀನಾ ಎಂದು ಎಲ್ಲರಿಗೂ ಗೊತ್ತು.

ಅಂದರೆ, ಸೇನೆಯ ವಿಷಯದಲ್ಲಿ ಯಾರ ಕಡೆಗೂ ವಾಲದ ದೇಶ ವ್ಯಾಪಾರದಲ್ಲಿ ಇಬ್ಬರಿಗೂ ಕಟ್ಟುಬಿದ್ದಿದೆ. ನನ್ನ ಅಭಿಪ್ರಾಯದಲ್ಲಿ ಸಮತೋಲನ ಉಳಿಯುವುದು ಅತಿಥಿ ಸತ್ಕಾರದಿಂದಲ್ಲ. ಒಬ್ಬನೇ ಮಾರಾಟಗಾರ, ಒಬ್ಬನೇ ಗಿರಾಕಿ ಎಂಬ ಸ್ಥಿತಿ ತಪ್ಪಿದಷ್ಟೂ ಅದು ಉಳಿಯುತ್ತದೆ.

ಈ ಮಾತು ನಮಗೂ ಸಲ್ಲುತ್ತದೆ. ರಷ್ಯಾದಿಂದ ತೈಲ ಕೊಂಡಿದ್ದಕ್ಕೆ 2025ರ ಆಗಸ್ಟ್‌ನಲ್ಲಿ ಭಾರತದ ಮಾಲಿನ ಮೇಲೂ ಸುಂಕ 50%ಕ್ಕೆ ಏರಿತ್ತು. ವಿದೇಶಾಂಗ ನೀತಿ ದಿಲ್ಲಿಯವರ ವಿಷಯ ಎಂದು ನಾವು ಸುಮ್ಮನಿರಲಾಗದು. ಅಲ್ಲಿ ತೂಕ ತಪ್ಪಿದರೆ ಅದರ ಲೆಕ್ಕ ತೀರಿಸುವುದು ಬಟ್ಟೆ ಹೊಲಿಯುವ ಕೈ, ಸಿಗಡಿ ಸಾಕುವ ಕೈ.