ಅಂಕಿಯೊಳಗಿನ ಏಕತಾರಿ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ತತ್ವಪದಗಳಿಗೆ ಏಕತಾರಿಯೇ ಸಂಗಾತಿ. ಕಡಕೋಳದ ಮಡಿವಾಳಪ್ಪನ ಪದಗಳು ಇಂದು ಭಜನೆಯ ಕಟ್ಟೆಯಿಂದ ಮೊಬೈಲಿಗೂ ಬಂದಿವೆ. ಅಲ್ಲಿ ಅವು ನಾದವಲ್ಲ, ಬರಿಯ ಅಂಕಿಗಳು. ಅಂಕಿಯನ್ನು ಮರಳಿ ನಾದಕ್ಕೆ ತಿರುಗಿಸುವ ಯಂತ್ರವೇ ಡಿಜಿಟಲ್-ಅನಲಾಗ್ ಪರಿವರ್ತಕ, ರೂಢಿಯಲ್ಲಿ ‘ಡ್ಯಾಕ್’. ಅದು ಸಾವಿರಕ್ಕೂ ದೊರೆಯುತ್ತದೆ, ಲಕ್ಷಗಳಿಗೂ ದೊರೆಯುತ್ತದೆ.

ಲಕ್ಷ ತೆತ್ತವನಿಗೆ ದಕ್ಕುವುದೇನು? 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ನಾದವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 65,536 ಮಟ್ಟಗಳಲ್ಲೊಂದಕ್ಕೆ ಹೊಂದಿಸಿರುತ್ತಾರೆ. ಕಿವಿಯ ಮೇರೆ ಸೆಕೆಂಡಿಗೆ ಸುಮಾರು 20,000 ಕಂಪನ. ಅದರ ಎರಡು ಪಟ್ಟಿಗೂ ಮಿಕ್ಕ ಈ ಅಳತೆ ಅದಕ್ಕೆ ಸಾಕು. ದುಬಾರಿ ಯಂತ್ರದಲ್ಲಿ ಒಳಗಡಿಯಾರ ಇನ್ನೂ ನಿಖರ, ವಿದ್ಯುತ್ತಿನ ಗೊಣಗು ಇನ್ನೂ ಕಡಿಮೆ, ಪೆಟ್ಟಿಗೆ ಬಲು ಸುಂದರ. ಆದರೆ ಚೆನ್ನಾಗಿ ರೂಪಿಸಿದ ಅಗ್ಗದ ಯಂತ್ರದಲ್ಲಿಯೂ ಈ ದೋಷಗಳು ಕಿವಿಗೆ ನಿಲುಕುವುದು ಅಪರೂಪ.

ಪರೀಕ್ಷಿಸುವವರು ಯಂತ್ರಗಳನ್ನು ಮರೆಯಲ್ಲಿಟ್ಟು, ಎರಡರ ಸದ್ದನ್ನೂ ಅಳೆದು ಸಮಗೊಳಿಸಿ ಕೇಳಬೇಕು. ತುಸು ಜೋರಾದುದನ್ನೇ ಇಂಪೆನ್ನುವುದು ಕಿವಿಯ ಸ್ವಭಾವ. ಆಗ ಬೆಲೆಯ ಅಂತರ ಬಹುಮಟ್ಟಿಗೆ ಕರಗುತ್ತದೆ.

ಕರಗದೆ ಉಳಿಯುವುದು ಧ್ವನಿಮುದ್ರಣದ ಕೊರತೆ. ಮೈಕು ಹಿಡಿಯದ ಏಕತಾರಿಯ ಝೇಂಕಾರವನ್ನು ಯಾವ ಡ್ಯಾಕೂ ಮರಳಿ ತರಲಾರದು. ಮುಪ್ಪಿನ ಹಾಡುಗಾರರ ಕಂಠವಿರುವಾಗಲೇ ಅವರ ಮುಂದೆ ಒಳ್ಳೆಯ ಮೈಕೊಂದನ್ನಿಡುವುದು ಲಕ್ಷದ ಪೆಟ್ಟಿಗೆಗಿಂತ ಮೇಲು.