ಇಳಿದ ಫ್ರಾನ್ಸ್, ಏರಿದ ಬ್ರಿಟನ್: ಅರವತ್ತು ವರ್ಷಗಳ ಕುಡಿತದ ಲೆಕ್ಕ

ಕುಡಿತವು ಒಂದು ಜನಾಂಗದ ಹುಟ್ಟುಗುಣ, ಅದನ್ನು ಯಾರೂ ಬದಲಿಸಲಾರರು ಎಂಬ ಮಾತು ಲೋಕದಲ್ಲಿ ರೂಢವಾಗಿದೆ. ಈ ಮಾತು ಎಷ್ಟು ಪೊಳ್ಳೆಂಬುದನ್ನು ಅರಿಯಲು, ಕಿರಿದಾದ ಕಡಲೊಂದರ ಎರಡು ದಡಗಳಲ್ಲಿರುವ ಫ್ರಾನ್ಸ್ ಮತ್ತು ಬ್ರಿಟನ್ ದೇಶಗಳ ಕಳೆದ ಅರವತ್ತು ವರ್ಷಗಳ ಲೆಕ್ಕವನ್ನು ನೋಡಿದರೆ ಸಾಕು.

ಮದ್ಯ ಯಾವುದೇ ಇರಲಿ, ಅದರಲ್ಲಿರುವ ಶುದ್ಧ ಮದ್ಯಸಾರವನ್ನು ಮಾತ್ರ ಅಳೆದು, ಹದಿನೈದು ವರ್ಷ ತುಂಬಿದವರಿಗೆ ತಲಾ ಎಷ್ಟೆಂದು ಲೆಕ್ಕ ಹಾಕುವುದು ಅಂತರರಾಷ್ಟ್ರೀಯ ಪದ್ಧತಿ. ಈ ಅಳತೆಯಂತೆ 1961ರ ಫ್ರಾನ್ಸಿನಲ್ಲಿ ವರ್ಷಕ್ಕೆ ತಲಾ ಸುಮಾರು 26 ಲೀಟರ್ ಮದ್ಯಸಾರ ಬಳಕೆಯಾಗುತ್ತಿತ್ತು. ಅಂದಿನ ಬ್ರಿಟನ್ನಿನ ಬಳಕೆ ಇದರ ಮೂರನೆಯ ಒಂದು ಭಾಗವನ್ನೂ ಮುಟ್ಟುತ್ತಿರಲಿಲ್ಲ. ಇಂದು ಎರಡೂ ದೇಶಗಳು 10 ಲೀಟರಿನ ಆಸುಪಾಸಿನಲ್ಲಿವೆ.

ಫ್ರಾನ್ಸಿನಲ್ಲಿ ವೈನ್ ನಿತ್ಯದ ಊಟದ ಭಾಗವಾಗಿತ್ತು. ಶಾಲೆಯ ಭೋಜನಶಾಲೆಗಳಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಮದ್ಯ ಕೊಡಬಾರದೆಂಬ ಆದೇಶ ಹೊರಟದ್ದೇ 1956ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಪ್ರಧಾನಿ ಪಿಯರ್ ಮೆಂಡೆಸ್ ಫ್ರಾನ್ಸ್ ಅವರು ಶಾಲಾಮಕ್ಕಳಿಗೆ ಹಾಲು ಕೊಡಿಸಲು ಮುಂದಾಗಿ ಹಲವರ ಗೇಲಿಗೆ ಗುರಿಯಾಗಿದ್ದರು. ಹಳ್ಳಿಗಳು ಕರಗಿ ನಗರಗಳು ಬೆಳೆದಂತೆ, ದಿನವೂ ಅಗ್ಗದ ವೈನ್ ಕುಡಿಯುತ್ತಿದ್ದ ಹಿರಿಯ ತಲೆಮಾರು ಮರೆಯಾಯಿತು. ಕಿರಿಯರು ಆ ರೂಢಿಯನ್ನು ಮುಂದುವರಿಸಲಿಲ್ಲ. 1991ರ ಎವ್ಯಾಂ ಕಾನೂನು ದೂರದರ್ಶನ ಮತ್ತು ಚಿತ್ರಮಂದಿರಗಳಲ್ಲಿ ಮದ್ಯದ ಜಾಹೀರಾತನ್ನು ನಿಷೇಧಿಸಿ ಈ ಇಳಿಕೆಗೆ ಒತ್ತಾಸೆಯಾಯಿತು.

ಬ್ರಿಟನ್ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. ಜನರ ಆದಾಯ ಏರಿದಂತೆ ಮದ್ಯ ಸುಲಭವಾಗಿ ಕೈಗೆಟುಕಿತು. ಹೆಚ್ಚಾಗಿ ಪಬ್ಬಿನಲ್ಲಿ ಕುಡಿಯುತ್ತಿದ್ದದ್ದು ಸೂಪರ್ ಮಾರ್ಕೆಟ್ಟಿನ ದಿನಸಿಯ ಜೊತೆಗೆ ಮನೆ ಸೇರತೊಡಗಿತು. 1988ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪಬ್ಬುಗಳು ಮಧ್ಯಾಹ್ನವೂ ಮುಚ್ಚಬೇಕಿಲ್ಲವೆಂದಾಯಿತು. 2004ರ ಹೊತ್ತಿಗೆ ಬಳಕೆ 11 ಲೀಟರನ್ನು ದಾಟಿ, ಅನಂತರ ಇಳಿಮುಖವಾಯಿತು.

ಆದರೆ ಸರಾಸರಿ ಇಳಿದರೆ ಸಂಕಟವೂ ಇಳಿದಂತಾಗುವುದಿಲ್ಲ. ನೇರವಾಗಿ ಮದ್ಯದಿಂದಲೇ ಉಂಟಾದ ಸಾವುಗಳು ಬ್ರಿಟನ್ನಿನಲ್ಲಿ 2019ರಲ್ಲಿ 7,565 ಇದ್ದವು. 2023ರಲ್ಲಿ 10,473ಕ್ಕೆ ಏರಿದವು. ಕೊರೊನಾ ಕಾಲದ ಒಂಟಿತನದಲ್ಲಿ ಮಿತವಾಗಿ ಕುಡಿಯುತ್ತಿದ್ದವರಲ್ಲಿ ಅನೇಕರು ಇನ್ನಷ್ಟು ಕಡಿಮೆ ಮಾಡಿದರು. ಮೊದಲೇ ಅತಿಯಾಗಿ ಕುಡಿಯುತ್ತಿದ್ದವರು ಮತ್ತಷ್ಟು ಮುಳುಗಿದರು. ಸರಾಸರಿಯ ಅಂಕಿಯು ಈ ಎರಡನೆಯವರ ಮನೆಯ ಕಣ್ಣೀರನ್ನು ಮುಚ್ಚಿಡುತ್ತದೆ. ಫ್ರಾನ್ಸ್ ಕೂಡ ಗೆದ್ದೆನೆಂದು ಬೀಗುವಂತಿಲ್ಲ. ಮದ್ಯವು ಕಾರಣವಾದ ಎಲ್ಲ ಬಗೆಯ ರೋಗ ಮತ್ತು ಅಪಘಾತಗಳನ್ನು ಸೇರಿಸಿದ ಹೆಚ್ಚು ವಿಶಾಲವಾದ ಲೆಕ್ಕದಲ್ಲಿ, ಅಲ್ಲಿ 2015ರಲ್ಲಿ ಸುಮಾರು 41,000 ಜನ ಮಡಿದರು.

ಅತಿಯಾಗಿ ಕುಡಿಯುವವರನ್ನು ತಲುಪುವ ದಾರಿಯೊಂದನ್ನು ಸ್ಕಾಟ್ಲೆಂಡ್ ತೋರಿಸಿದೆ. 2018ರಲ್ಲಿ ಅದು ಮದ್ಯಸಾರದ ಪ್ರಮಾಣಕ್ಕೆ ತಕ್ಕಂತೆ ಕನಿಷ್ಠ ಬೆಲೆಯನ್ನು ನಿಗದಿಪಡಿಸಿತು. ತೀರಾ ಅಗ್ಗದ, ತೀರಾ ತೀಕ್ಷ್ಣವಾದ ಮದ್ಯ ಅಂಗಡಿಯಿಂದ ಮಾಯವಾಯಿತು. ಈ ಕ್ರಮವಿಲ್ಲದಿದ್ದರೆ ಆಗಬಹುದಾಗಿದ್ದ ಸಾವುಗಳಿಗಿಂತ ಶೇ. 13.4ರಷ್ಟು ಕಡಿಮೆ ಸಾವುಗಳಾದವೆಂದು 2023ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಅಂದಾಜಿಸಿತು. ಆದರೂ ಈಗಾಗಲೇ ಮದ್ಯಕ್ಕೆ ದಾಸರಾದವರಿಗೆ ಬೆಲೆಯೊಂದೇ ಮದ್ದಾಗಲಿಲ್ಲ. ಅವರಲ್ಲಿ ಕೆಲವರು ಅನ್ನಕ್ಕಿಟ್ಟ ಹಣವನ್ನೂ ಮದ್ಯಕ್ಕೇ ಸುರಿದರು. ಅವರಿಗೆ ಚಿಕಿತ್ಸೆಯೂ ಆಸರೆಯೂ ಬೇಕು.

ಈ ಎರಡು ದೇಶಗಳಿಂದ ತಿಳಿಯುವುದಿಷ್ಟು: ಕುಡಿತ ರೂಢಿಯೇ ಹೊರತು ಹಣೆಬರಹವಲ್ಲ. ಮಕ್ಕಳ ತಟ್ಟೆಯ ಪಕ್ಕದಿಂದ ಮದ್ಯವನ್ನು ಸರಿಸಿದ ನಾಡಿನಲ್ಲಿ ಬಳಕೆ ಅರ್ಧಕ್ಕಿಂತ ಕೆಳಗಿಳಿಯಿತು. ದಿನಸಿಯ ಸಾಲಿನಲ್ಲಿ ಅದನ್ನು ತಂದಿಟ್ಟ ನಾಡಿನಲ್ಲಿ ಏರಿತು. ಒಂದು ತಲೆಮಾರು ಕಲಿತದ್ದನ್ನು ಮುಂದಿನ ತಲೆಮಾರು ಬಿಡಬಲ್ಲದು. ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಲು ಜೋಳಿಗೆ ಹಿಡಿದು ಮನೆಮನೆಗೆ ಹೋಗುವವರು ನಂಬಿರುವುದೂ ಇದನ್ನೇ. ಆದರೆ ಜೋಳಿಗೆಗೆ ಕಾನೂನಿನ ಬಲವೂ ವೈದ್ಯರ ನೆರವೂ ಕೂಡಿಬಂದಾಗಲೇ ಆ ಕಾರ್ಯ ಪೂರ್ಣವಾದೀತು.