ಗೃಹವಿಚಾರ: ಮರದ ನೆಲಗಟ್ಟು

ಮಹಡಿಯ ಕೋಣೆಗೆ ನಾವು ಮರದ ನೆಲಗಟ್ಟನ್ನು ಹಾಕಿಸುವಾಗ ವೃದ್ಧನಾದ ಬಡಗಿಯು, "ಸ್ವಾಮಿ, ಹಲಗೆ ಇನ್ನೂ ಹಸಿ, ಒಂದು ಬೇಸಗೆ ತಾಳಬೇಕು" ಎಂದನು. ಮಗಳ ವಿವಾಹವು ಸಮೀಪಿಸಿದ್ದುದರಿಂದ ನಾವು ತಾಳಲಿಲ್ಲ. ಚೈತ್ರವು ಕಳೆಯುವಷ್ಟರಲ್ಲಿ ಹಲಗೆಗಳು ಕುಗ್ಗಿ, ಸಂದುಗಳಲ್ಲಿ ಬೆರಳು ತೂರುವಂತಾಯಿತು.

ಮರವು ಒಣಗಿದಾಗ ಅಗಲದಲ್ಲಿ ಕುಗ್ಗುವುದು, ತೇವವನ್ನು ಹೀರಿದಾಗ ಹಿಗ್ಗುವುದು. ಉದ್ದದಲ್ಲಿ ವ್ಯತ್ಯಾಸವು ಅತ್ಯಲ್ಪ. ಆದುದರಿಂದ ಚೆನ್ನಾಗಿ ಒಣಗಿದ ಹಲಗೆಗಳನ್ನೇ ಕೊಳ್ಳತಕ್ಕದ್ದು. ಹಾಸುವ ಕೋಣೆಯಲ್ಲಿಯೇ ಅವನ್ನು ಒಂದೆರಡು ವಾರ ಇರಿಸತಕ್ಕದ್ದು. ಗೋಡೆಯ ಅಂಚಿನಲ್ಲಿ ಸುಮಾರು 1/2 ಅಂಗುಲ ತೆರಪು ಬಿಟ್ಟು, ಅದನ್ನು ಮರದ ಪಟ್ಟಿಯಿಂದ ಮರೆಮಾಡತಕ್ಕದ್ದು. ಸಂಸ್ಕೃತದಲ್ಲಿ ಶಾಕವೆನಿಸಿದ ತೇಗವು ಉತ್ತಮವಾದುದು. ಅದು ಗೆದ್ದಲಿಗೆ ಸುಲಭವಾಗಿ ತುತ್ತಾಗದು. ಆದರೆ ಈ ಗುಣವು ಚೇಗಿಗೆ ಮಾತ್ರ. ತೊಗಟೆಯ ಬಳಿಯ ಬಿಳಿಯ ಭಾಗಕ್ಕಿಲ್ಲ.

ಗೃಹಿಣಿಯರಲ್ಲಿ ಒಂದು ವಿಜ್ಞಾಪನೆ: ಕಲ್ಲಿನ ನೆಲಕ್ಕೆ ಸುರಿದಂತೆ ಇದಕ್ಕೆ ಕೊಡದ ನೀರನ್ನು ಸುರಿಯಲಾಗದು. ಮೃದುವಾದ ಪೊರಕೆಯಿಂದ ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರಸಿದರೆ ಸಾಕು. ಮಂಚದ ಕಾಲುಗಳಿಗೆ ಬಟ್ಟೆ ಸುತ್ತಿದರೆ ಗೀರು ಬೀಳದು.

ಮರುವರ್ಷ ಅದೇ ಬಡಗಿಯು ಹಲಗೆಗಳನ್ನು ಕಿತ್ತು ಪುನಃ ಜೋಡಿಸಿಕೊಟ್ಟನು. ಒಂದು ಚುಚ್ಚುಮಾತನ್ನೂ ಆಡಲಿಲ್ಲ. 30 ವರ್ಷ ಮಕ್ಕಳಿಗೆ ತಾಳ್ಮೆಯ ಪಾಠವನ್ನು ಹೇಳಿದ ನಾವು ಅದನ್ನು ಕಲಿತುದು ಆ ದಿನ.